ಮೂರನೇ ಅಧ್ಯಾಯದ ಪತ್ರ

ನನಗೆ ಸಂಶಯ ಜಾಸ್ತಿ. ಮೀನು ಕೊಳ್ಳುವಾಗ ಕಿವಿರು ಬಿಡಿಸಿ ನೋಡುತ್ತೇನೆ. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಕೇಳುತ್ತೇನೆ. ಯಾರಾದರೂ ಕಾರಣವಿಲ್ಲದೆ ನಕ್ಕರೆ ಮನೆಗೆ ಬಂದು ಅಡುಗೆ ಮಾಡುತ್ತ ಅದನ್ನೇ ಯೋಚಿಸುತ್ತೇನೆ. ಇದು ದುರ್ಗುಣ ಎಂದು ಮನೆಯವರು ಹೇಳುತ್ತಾರೆ. ಆದರೆ ಹದಿನಾರು ವರ್ಷ ನನಗೆ ಅನ್ನ ಹಾಕಿದ್ದು ಇದೇ ಗುಣ. ಪುತ್ತೂರಿನ ಒಂದು ಮುದ್ರಣಾಲಯದಲ್ಲಿ ನಾನು ಕರಡು ತಿದ್ದುತ್ತಿದ್ದೆ. ಮದುವೆ ಕಾಗದ, ಬ್ರಹ್ಮಕಲಶದ ಸ್ಮರಣ ಸಂಚಿಕೆ, ಶಾಲೆಯ ವಾರ್ಷಿಕ ವರದಿ, ಎಲ್ಲ ನನ್ನ ಕಣ್ಣಿನ ಕೆಳಗೆ ಹೋಗಬೇಕಿತ್ತು. ಒಮ್ಮೆ ಮದುವೆ ಕಾಗದದಲ್ಲಿ ವರನ ತಂದೆಯ ಜಾಗಕ್ಕೆ ವಧುವಿನ ತಂದೆ ಬಂದು ಕೂತಿದ್ದರು. ಯಂತ್ರ ಶುರುವಾಗುವ ಮೊದಲು ಹಿಡಿದದ್ದು ನಾನೇ.

ಹಾಗಿರುವಾಗ ಒಂದು ಮಧ್ಯಾಹ್ನ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಮುದ್ರಣಾಲಯಕ್ಕೆ ಬಂದರು. ಕ್ರೈಸ್ತ ಹೆಂಗಸು, ಎಪ್ಪತ್ತರ ಹತ್ತಿರದ ಪ್ರಾಯ, ಕೈಯಲ್ಲಿ ಬಟ್ಟೆಯ ಚೀಲ. ವರ್ಷಕ್ಕೆ ಎರಡೋ ಮೂರೋ ಕ್ರೈಸ್ತ ಕಾದಂಬರಿ ತರುವ ಸಣ್ಣ ಪ್ರಕಾಶನವೊಂದಕ್ಕೆ ಅವರೇ ಸಂಪಾದಕಿ. ಅವರ ಪುಸ್ತಕಗಳ ಕರಡನ್ನು ನಾನೇ ತಿದ್ದುತ್ತಿದ್ದೆ, ಆದರೆ ಮಾತಾಡಿದ್ದು ಕಡಿಮೆ. ಅಂದು ನೇರವಾಗಿ ನನ್ನ ಮೇಜಿನ ಹತ್ತಿರ ಬಂದು, “ನನಗೆ ಪ್ರಾಯ ಆಯ್ತು. ಈ ಕೆಲಸ ನಿಮಗೆ ಕಲಿಸ್ತೇನೆ. ಶನಿವಾರ ಮನೆಗೆ ಬರ್ತೀರಾ?” ಎಂದರು.

ನನ್ನ ತಲೆಯಲ್ಲಿ ಆಗಲೇ ಗಂಟೆ ಹೊಡೆಯಿತು. ಅವರ ಇಗರ್ಜಿಯಲ್ಲೇ, ಅಂದರೆ ಚರ್ಚಿನವರಲ್ಲೇ, ಓದಿದ ಹುಡುಗಿಯರು ಎಷ್ಟಿಲ್ಲ? ಅವರನ್ನೆಲ್ಲ ಬಿಟ್ಟು ಸುಳ್ಯದ ಗೌಡರ ಮನೆಯಿಂದ ಬಂದ ನಾನೇ ಯಾಕೆ? ಕೇಳಿಯೇ ಬಿಟ್ಟೆ. ಅವರು ಕನ್ನಡಕ ಒರೆಸುತ್ತ, “ನಮ್ಮವರಿಗೆ ಕೊಟ್ಟರೆ ಅವರು ಆಮೆನ್ ಅಂತ ಹೇಳಿ ಮುಂದಿನ ಪುಟಕ್ಕೆ ಹೋಗ್ತಾರೆ ಮಾರಾಯ್ರೆ. ನನಗೆ ನಂಬದವರು ಬೇಕು” ಎಂದರು. ಆ ಉತ್ತರವನ್ನೂ ನಾನು ನಂಬಲಿಲ್ಲ.

ಸುಳ್ಯದ ಕಡೆ ಇರುವ ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, “ಅಲ್ಲಿ ನಿಂಗೆ ಎಂತ ಕೆಲ್ಸ ಉಟ್ಟು?” ಎಂದು ಅರೆಭಾಷೆಯಲ್ಲೇ ಗದರಿದರು. ಮೊದಲು ಚಾ ಕೊಡುತ್ತಾರೆ, ಆಮೇಲೆ ಪುಸ್ತಕ ಕೊಡುತ್ತಾರೆ, ಆಮೇಲೆ ಹೆಸರು ಬದಲಿಸುತ್ತಾರೆ ಎಂಬುದು ಅವರ ಲೆಕ್ಕಾಚಾರ. ನಾನು ನಕ್ಕರೂ ಆ ಶನಿವಾರ ಕಬಕದ ನನ್ನ ಬಾಡಿಗೆ ಮನೆಯಿಂದ ಹೊರಡುವಾಗ ಕುತ್ತಿಗೆಯ ಕರಿಮಣಿಯನ್ನು ಸೆರಗಿನ ಮೇಲೆ ಕಾಣುವ ಹಾಗೆ ಹಾಕಿಕೊಂಡೇ ಹೋದೆ.

ಟೀಚರು ಚಾ ಕೊಟ್ಟರು. ಜೊತೆಗೆ ಗೇರುಬೀಜ. ಪುಸ್ತಕವನ್ನೂ ಕೊಟ್ಟರು, ಆದರೆ ಅದು ಬೈಬಲ್ ಆಗಿರಲಿಲ್ಲ, ಯಾರೋ ಬರೆದ ಕಾದಂಬರಿಯ ಹಸ್ತಪ್ರತಿ. ನಾನು ಕೆಂಪು ಪೆನ್ನು ತೆಗೆದ ಕೂಡಲೇ ಅದನ್ನು ಕಿತ್ತುಕೊಂಡು ಡ್ರಾಯರಿಗೆ ಹಾಕಿದರು. “ಕಾಗುಣಿತ ಕೊನೆಗೆ. ಬೀಳುವ ಗೋಡೆಗೆ ಸುಣ್ಣ ಹೊಡೆದು ಎಂತ ಪ್ರಯೋಜನ? ಮೊದಲು ಕಥೆ ನಿಲ್ತದಾ ಅಂತ ನೋಡುವಾ.” ಇಂಗ್ಲಿಷಿನಲ್ಲಿ ಇದಕ್ಕೆ ಸಬ್‌ಸ್ಟಾಂಟಿವ್ ಎಡಿಟಿಂಗ್ ಎಂಬ ದೊಡ್ಡ ಹೆಸರಿದೆಯಂತೆ. ಅವರು ಅದನ್ನು ‘ಹೂರಣ ನೋಡುದು’ ಎನ್ನುತ್ತಿದ್ದರು.

ಆ ಹಸ್ತಪ್ರತಿಯಲ್ಲಿ ಒಬ್ಬ ಕುಡುಕ. ಹನ್ನೊಂದು ಅಧ್ಯಾಯ ಕುಡಿಯುತ್ತಾನೆ, ಹೆಂಡತಿಗೆ ಹೊಡೆಯುತ್ತಾನೆ. ಹನ್ನೆರಡನೆಯದರಲ್ಲಿ ಇಗರ್ಜಿಯ ಗಂಟೆ ಕೇಳಿ ಮೊಣಕಾಲೂರುತ್ತಾನೆ, ಬಾಟ್ಲಿ ಎಸೆಯುತ್ತಾನೆ, ಕಥೆ ಮುಗಿಯಿತು. ಓದಿ ನಾನು ಕೇಳಿದ್ದು ಒಂದೇ ಪ್ರಶ್ನೆ: “ಮರುದಿನ ಸಂಜೆ ಆರು ಗಂಟೆಗೆ ಅವನು ಎಂತ ಮಾಡಿದ?” ಟೀಚರು ಮೇಜು ಕುಟ್ಟಿ, “ಇದನ್ನೇ ಬರೀರಿ!” ಎಂದರು. ಒಬ್ಬ ಮನುಷ್ಯ ಬದಲಾಗುವುದು ಸುಳ್ಳಲ್ಲ, ಆದರೆ ಒಂದು ಪ್ಯಾರಾದಲ್ಲಿ ಬದಲಾದರೆ ಸಂಶಯಪಡಬೇಕು. ಕ್ಷಮೆ ಪುಕ್ಕಟೆ ಸಿಕ್ಕಿದರೆ ಸಂಶಯಪಡಬೇಕು. ಕೆಟ್ಟವನು ದೇವರನ್ನು ನಂಬದವನಾದ್ದರಿಂದಲೇ ಕೆಟ್ಟವನಾಗಿದ್ದರೆ ಸಂಶಯಪಡಬೇಕು. ಪಾತ್ರ ಬಾಯಿ ತೆರೆದ ಕೂಡಲೇ ಪ್ರವಚನ ಬಂದರೆ, ಅಲ್ಲಿ ಮಾತಾಡುತ್ತಿರುವುದು ಪಾತ್ರವಲ್ಲ, ಬರೆದವರು. ಹೀಗೆ ಶನಿವಾರದಿಂದ ಶನಿವಾರಕ್ಕೆ ನನ್ನ ದುರ್ಗುಣಕ್ಕೆ ಒಬ್ಬರು ಗುರು ಸಿಕ್ಕಿದ ಹಾಗಾಯಿತು.

ಆದರೂ ನಾನು ಬಿಡಲಿಲ್ಲ. ಟೀಚರು ಎಷ್ಟು ಸಲ ಯೇಸುವಿನ ಹೆಸರು ಎತ್ತುತ್ತಾರೆ ಎಂದು ಗಮನಿಸುತ್ತಿದ್ದೆ. ಎತ್ತುವುದಕ್ಕಿಂತ ತೆಗೆಯುವುದೇ ಹೆಚ್ಚು. ಒಂದು ಕಾದಂಬರಿಯಲ್ಲಿ ಹೊಳೆಗೆ ಬಿದ್ದ ಮಗು, ಕಳೆದ ಸರ, ತಪ್ಪಿದ ಬಸ್ಸು, ಎಲ್ಲದಕ್ಕೂ ಪ್ರಾರ್ಥನೆಯೇ ಪರಿಹಾರವಾಗಿತ್ತು. ಟೀಚರಿಗೆ ಸಿಟ್ಟು ಬಂತು. “ಇವರು ಹಾಕಿದ ಗಂಟು ಬಿಡಿಸ್ಲಿಕ್ಕೆ ಸ್ವರ್ಗದಿಂದ ಜನ ಬರ್ಬೇಕಾ? ಅವರಿಗೆ ಬೇರೆ ಕೆಲಸ ಇಲ್ವಾ?” ಎಂದು ಮೂರು ಪವಾಡಗಳನ್ನು ತೆಗೆಯಲು ಹೇಳಿದರು. ನಾನು ಉತ್ಸಾಹದಲ್ಲಿ ಒಬ್ಬ ವಿಧವೆಯ ಪ್ರಾರ್ಥನೆಯನ್ನೂ ಬೇಡವೆಂದೆ. ಅದಕ್ಕೆ ಬೈಗುಳ ಸಿಕ್ಕಿತು. ಆ ಹೆಂಗಸು ಇಡೀ ಪುಸ್ತಕದಲ್ಲಿ ನಿಜ ಹೇಳುವುದು ಅಲ್ಲಿ ಮಾತ್ರ ಎಂದು ಅವರು ಪುಟ ತಿರುಗಿಸಿ ತೋರಿಸಿದ ಮೇಲೆಯೇ ನನಗೆ ಕಂಡದ್ದು.

ಇನ್ನೊಂದು ತಪ್ಪು ಮಾಡಿದೆ. ಅದನ್ನು ಹೇಳಲೇಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಒಂದು ಕಥೆಯಲ್ಲಿ ಕೊಲೆ ಮಾಡಿದವನು ಪಾದ್ರಿಯ ಹತ್ತಿರ ಪಾಪನಿವೇದನೆ ಮಾಡುತ್ತಾನೆ. ಜೈಲಿನಲ್ಲಿರುವುದು ನಿರಪರಾಧಿ. ಬರೆದವರಿಗೆ ಮುಂದೆ ದಾರಿ ಕಾಣದೆ ಒಂದು ಪವಾಡ ತಂದಿದ್ದರು. ನಾನು ಬಹಳ ಜಾಣತನದಿಂದ ಬರೆದೆ: ‘ಪಾದ್ರಿಯವರೇ ಹೋಗಿ ಪೊಲೀಸರಿಗೆ ಹೇಳಬಹುದಲ್ಲವೇ?’ ಟೀಚರು ಓದಿ ನಗಲಿಕ್ಕೆ ಶುರು ಮಾಡಿದವರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಗಂಭೀರವಾದರು. “ಹೇಳುವ ಹಾಗಿಲ್ಲ. ಪೊಲೀಸರಿಗಲ್ಲ, ಬಿಷಪರಿಗೂ ಇಲ್ಲ. ತಲೆ ಹೋದರೂ ಇಲ್ಲ. ಅಲ್ಲಿ ಕೇಳಿದ್ದನ್ನು ಹೇಳಿದ ಪಾದ್ರಿ ಮತ್ತೆ ಪಾದ್ರಿಯಾಗಿ ಉಳಿಯುದಿಲ್ಲ. ಕೇಳಿದ್ದೇನೆ ಅಂತ ಸಹ ಹೇಳುವ ಹಾಗಿಲ್ಲ.” ನನಗೆ ಆಶ್ಚರ್ಯವಾಯಿತು. ಒಬ್ಬ ಮನುಷ್ಯ ಊರಿನ ಗುಟ್ಟೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಸಂತೆಯಲ್ಲಿ ತರಕಾರಿ ಕೊಳ್ಳುತ್ತಾನೆ ಎಂದರೆ ನಂಬುವುದು ಕಷ್ಟವೇ.

ಟೀಚರಿಗೆ ಕೆಲಸದ ಒಂದು ಕ್ರಮವಿತ್ತು. ಬರೆದವರ ಹಾಳೆಯ ಮೇಲೆ ಒಂದು ಚುಕ್ಕಿಯನ್ನೂ ಇಡುತ್ತಿರಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಕತ್ತರಿಸಿ ಚೀಟಿ ಮಾಡಿ, ಅದರ ಹಿಂದೆ ಪ್ರಶ್ನೆ ಬರೆದು ಗುಂಡುಸೂಜಿಯಲ್ಲಿ ಚುಚ್ಚುತ್ತಿದ್ದರು. “ಚೀಟಿ ಬೇಡದಿದ್ದರೆ ಅವರು ಕಿತ್ತು ಬಿಸಾಡಬಹುದು. ಗೆರೆ ಎಳೆದರೆ ಅದು ಹೋಗುದಿಲ್ಲ” ಎಂಬುದು ಅವರ ವಾದ. ಚೀಟಿಯಲ್ಲಿ ಅಪ್ಪಣೆ ಇರಬಾರದು, ಪ್ರಶ್ನೆಯೇ ಇರಬೇಕು. ನಾನೂ ಹಾಗೆಯೇ ಕಲಿತೆ.

ಎರಡನೇ ವರ್ಷ ನನ್ನ ಪಾಲಿಗೆ ಪೂರ್ತಿಯಾಗಿ ಒಂದು ಕಾದಂಬರಿ ಬಂತು. ಬರೆದವರು ಕಡಬದಿಂದ ಒಳಗೆ ರಬ್ಬರ್ ತೋಟ ಮಾಡಿಕೊಂಡಿರುವ ಹಿರಿಯರು. ಅವರ ಅಪ್ಪನ ಕಾಲದಲ್ಲಿ ಕೇರಳದಿಂದ ಬಂದು ನೆಲೆಸಿದ ಮಲಯಾಳಿ ಕ್ರೈಸ್ತ ಕುಟುಂಬ. ಕಡಬದ ಶಾಲೆಯಲ್ಲಿ ಕನ್ನಡ ಕಲಿತವರು. ಅವರ ಇಗರ್ಜಿಯ ಎಳೆ ಪ್ರಾಯದ ಪಾದ್ರಿಯೊಬ್ಬರು ಅವರನ್ನು ಬರೆಯಲು ಹುರಿದುಂಬಿಸಿ, ಬರೆದದ್ದನ್ನು ತಾವೇ ಬೈಕಿನಲ್ಲಿ ಪುತ್ತೂರಿಗೆ ತಂದು ಟೀಚರ ಕೈಗೆ ಕೊಟ್ಟಿದ್ದರು. ಇನ್ನೂರು ಪುಟದ ನಾಲ್ಕು ನೋಟ್‌ಬುಕ್ಕುಗಳು, ನೀಲಿ ಶಾಯಿ, ಮುದ್ದಾದ ಅಕ್ಷರ.

ಕಥೆ ಒಬ್ಬ ಅಣ್ಣ ಮತ್ತು ಅವನ ತಂಗಿಯದು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಕಷ್ಟಪಟ್ಟು ತೋಟ ಮಾಡುತ್ತಾನೆ, ತಂಗಿಯನ್ನು ಓದಿಸುತ್ತಾನೆ. ಅವಳಿಗೆ ದೇವರ ಕರೆ ಬರುತ್ತದೆ, ಕಾನ್ವೆಂಟ್ ಸೇರಿ ಸಿಸ್ಟರ್ ಆಗುತ್ತಾಳೆ. ಅಣ್ಣ ಹೆಮ್ಮೆಯಿಂದ ಅಳುತ್ತಾನೆ. ಓದಲು ಚೆನ್ನಾಗಿತ್ತು. ಅಣ್ಣ ಅಷ್ಟು ಒಳ್ಳೆಯವನು, ಅದೇ ನನಗೆ ಸರಿ ಕಾಣಲಿಲ್ಲ.

ಮೂರನೇ ಅಧ್ಯಾಯದಲ್ಲಿ ಅಂಚೆಯವನು ಬಂದು ತಂಗಿಯ ಹೆಸರಿಗೆ ಬಂದ ಒಂದು ಪತ್ರವನ್ನು ಅಣ್ಣನ ಕೈಗೆ ಕೊಡುತ್ತಾನೆ. ಅಣ್ಣ ಅದನ್ನು ಅಂಗಿಯ ಜೇಬಿಗೆ ಹಾಕುತ್ತಾನೆ. ಮುಗಿಯಿತು, ಆಮೇಲೆ ಆ ಪತ್ರದ ಸುದ್ದಿಯೇ ಇಲ್ಲ. ಉಳಿದ ಆರುನೂರು ಪುಟ ಹುಡುಕಿದೆ, ಇಲ್ಲ. ಒಂದು ವಸ್ತುವನ್ನು ಕಥೆಯೊಳಗೆ ತಂದರೆ ಅದು ಎಲ್ಲಿಗೆ ಹೋಯಿತೆಂದು ಕೇಳು ಎಂಬುದು ಟೀಚರ ಮೊದಲ ಪಾಠಗಳಲ್ಲಿ ಒಂದು. ಮತ್ತೆ ಅಲ್ಲಿಗೆ ಹಿಂತಿರುಗಿ ಓದಿದೆ. ಆ ಸಂಜೆ ಅಣ್ಣ ಒಬ್ಬನೇ, ರಬ್ಬರ್ ಶೀಟಿಗೆ ಹೊಗೆ ಕೊಡುವ ಕೋಣೆಗೆ ಹೋಗಿ ಬೆಂಕಿ ಹಾಕಿ ಬಹಳ ಹೊತ್ತು ಕೂರುತ್ತಾನೆ. ನಾನು ಪುಸ್ತಕ ಕೆಳಗಿಟ್ಟೆ. ನನ್ನ ತವರಿನಲ್ಲೂ ನೂರೈವತ್ತು ರಬ್ಬರ್ ಮರ ಇವೆ. ಎರಡು ಪುಟ ಹಿಂದೆ ಅವರೇ ಬರೆದಿದ್ದಾರೆ, ತಿಂಗಳಿಡೀ ಬಿಡದ ಮಳೆ, ಮರದಿಂದ ಹಾಲು ಇಳಿಸುವ ಟ್ಯಾಪಿಂಗ್ ಇಲ್ಲ, ಮನೆಯಲ್ಲಿ ಒಂದು ಶೀಟೂ ಇಲ್ಲ ಎಂದು. ಶೀಟೇ ಇಲ್ಲದ ದಿನ ಆ ಕೋಣೆಗೆ ಬೆಂಕಿ ಹಾಕುವವರು ಯಾರು?

ಇನ್ನೂ ಒಂದು ಸಂಗತಿ ಇತ್ತು. ಪತ್ರವನ್ನು ಜೇಬಿಗೆ ಹಾಕಿದ ಸಾಲಿನ ಪಕ್ಕದಲ್ಲಿ, ಅಂಚಿನಲ್ಲಿ, ಪೆನ್ಸಿಲಿನಲ್ಲಿ ಒಂದು ಸಣ್ಣ ನಿಂತ ಗೆರೆ, ಅದರ ಕೆಳಗೊಂದು ಚುಕ್ಕಿ. ಗಮನವಿಟ್ಟು ನೋಡದಿದ್ದರೆ ಕಾಣದಷ್ಟು ತೆಳು. ಇದು ಟೀಚರ ಕೆಲಸ ಎಂದುಕೊಂಡೆ. ನನ್ನನ್ನು ಪರೀಕ್ಷೆ ಮಾಡಲು ಮೊದಲೇ ಓದಿ ಗುರುತು ಹಾಕಿಟ್ಟಿದ್ದಾರೆ, ನಾನು ಹಿಡಿಯುತ್ತೇನೋ ಇಲ್ಲವೋ ನೋಡುತ್ತಿದ್ದಾರೆ. ಅವರೇ ಹೇಳಿಕೊಟ್ಟ ಕ್ರಮವನ್ನು ಅವರೇ ಮುರಿದರೆಂದು ಸ್ವಲ್ಪ ಸಿಟ್ಟೂ ಬಂತು. ಆದರೆ ಬಾಯಿ ಬಿಡಲಿಲ್ಲ. ಪರೀಕ್ಷೆ ಎಂದಾದರೆ ಪಾಸಾಗಿಯೇ ತೋರಿಸುತ್ತೇನೆ ಎಂದು ಚೀಟಿ ಬರೆದೆ: ‘ಈ ಪತ್ರ ಎಲ್ಲಿ ಹೋಯಿತು? ಅಣ್ಣ ಅದನ್ನು ಓದಿ, ತಂಗಿಗೆ ಕೊಡದೆ ಸುಟ್ಟನೇ? ಅದು ಅವಳನ್ನು ಮದುವೆಯಾಗಲು ಕೇಳಿದವರ ಪತ್ರವೇ? ಅವಳು ಕಾನ್ವೆಂಟಿಗೆ ಹೋದದ್ದು ಕರೆ ಬಂದದ್ದರಿಂದಲೋ, ಪತ್ರ ಬಾರದ್ದರಿಂದಲೋ?’

ಟೀಚರು ಚೀಟಿ ಓದಿ ಆ ಪುಟಕ್ಕೆ ಗುಂಡುಸೂಜಿಯಲ್ಲಿ ಚುಚ್ಚಿದರು. “ಗಟ್ಟಿ ಪ್ರಶ್ನೆ” ಎಂದಷ್ಟೇ ಹೇಳಿ ನೋಟ್‌ಬುಕ್ಕುಗಳನ್ನು ಕಡಬಕ್ಕೆ ಕಳುಹಿಸಿದರು.

ನಾಲ್ಕನೇ ದಿನ ಹಿರಿಯರ ಫೋನು ಬಂತು. ನಾನು ಟೀಚರ ಮನೆಯಲ್ಲೇ ಇದ್ದೆ. ಟೀಚರಿಗೆ ಕಿವಿ ಸ್ವಲ್ಪ ಮಂದ, ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವುದು. ಹಿರಿಯರು ನೇರ ವಿಷಯಕ್ಕೇ ಬಂದರು. “ಪುಸ್ತಕ ಬೇಡ ಟೀಚರೇ. ಅಚ್ಚು ಹಾಕುದು ಬೇಡ. ನಿಮಗೆ ಇದನ್ನು ಹೇಳಿದ್ದು ಯಾರಂತ ನನಗೆ ಗೊತ್ತುಂಟು. ಈ ಲೋಕದಲ್ಲಿ ನಾನು ಅದನ್ನು ಒಬ್ಬರ ಹತ್ತಿರ ಮಾತ್ರ ಹೇಳಿದ್ದು. ಮೊಣಕಾಲೂರಿ ಹೇಳಿದ್ದು. ಅಚ್ಚನ್ ಹೀಗೆ ಮಾಡಿಯಾರು ಅಂತ ನಾನು ಎಣಿಸ್ಲಿಲ್ಲ. ಬಿಷಪರಿಗೆ ಕಾಗದ ಬರೀತೇನೆ.”

ಅಚ್ಚನ್ ಎಂದರೆ ಅವರ ಮಾತಿನಲ್ಲಿ ಪಾದ್ರಿ. ನಾನು ಕಥೆಯಲ್ಲಿ ಕೇಳಿದ ಪ್ರಶ್ನೆ ಆ ಮನುಷ್ಯನ ಸ್ವಂತ ಪಾಪದ ಮೇಲೆಯೇ ಹೋಗಿ ಕೂತಿತ್ತು. ಅವರಿಗೆ ಉಳಿದ ಅರ್ಥ ಒಂದೇ: ಪಾಪನಿವೇದನೆಯಲ್ಲಿ ಕೇಳಿದ್ದನ್ನು ಆ ಪಾದ್ರಿ ಪುತ್ತೂರಿಗೆ ಬಂದು ಹರಡಿದ್ದಾರೆ. ಆ ಕಾಗದ ಬಿಷಪರಿಗೆ ಹೋದರೆ ಆ ಪಾದ್ರಿಯ ಬದುಕು ಅಲ್ಲಿಗೆ ಮುಗಿದ ಹಾಗೆ.

ಟೀಚರು ಪಾದ್ರಿಗೆ ಫೋನು ಮಾಡಿ ವಿಷಯ ಹೇಳಿದರು. ಅವರು, “ನಾನು ಏನೂ ಹೇಳುವ ಹಾಗಿಲ್ಲ ಟೀಚರ್. ಹೌದು ಅಂತಲೂ ಇಲ್ಲ, ಅಲ್ಲ ಅಂತಲೂ ಇಲ್ಲ” ಎಂದು ಫೋನಿಟ್ಟರು. ಅವರು ತಮ್ಮನ್ನು ತಾವು ಉಳಿಸಿಕೊಳ್ಳುವ ಮಾತನ್ನೂ ಆಡುವಂತಿರಲಿಲ್ಲ. ಆಡಿದರೆ ಆ ಹಿರಿಯರು ನಿವೇದನೆ ಮಾಡಿದ್ದರೆಂದು ಒಪ್ಪಿಕೊಂಡ ಹಾಗೆ.

ನನಗೆ ನಾಚಿಕೆಯಾಗಬೇಕಿತ್ತು. ಆದರೆ ನಾನು ಹುಟ್ಟಿದ್ದೇ ಹೀಗೆ, ನನಗೆ ಬಂದದ್ದು ಸಂಶಯ. ನನಗೆ ಯಾರೂ ಏನೂ ಹೇಳಿರಲಿಲ್ಲ, ನಿಜ. ಆದರೆ ಆ ಪೆನ್ಸಿಲ್ ಗೆರೆ? ಪಾದ್ರಿ ಟೀಚರಿಗೆ ಹೇಳಿ, ಟೀಚರು ನನ್ನ ಕಣ್ಣು ಅಲ್ಲಿಗೆ ಬೀಳಲಿ ಎಂದು ಗೆರೆ ಎಳೆದಿದ್ದರೆ? ಹಾಗಾದರೆ ಈ ಹಿರಿಯರು ಹೇಳುವುದೇ ಸರಿ, ನಾನು ಅವರಿಬ್ಬರ ಕೈಯ ಗೊಂಬೆ. ಎರಡು ವರ್ಷ ಗೇರುಬೀಜ ತಿನ್ನಿಸಿದ್ದು ಇದಕ್ಕೇ ಇರಬಹುದು. ತಡೆಯಲಾರದೆ ಕೇಳಿದೆ: “ಟೀಚರ್, ಮೂರನೇ ಅಧ್ಯಾಯದಲ್ಲಿ ಪೆನ್ಸಿಲಿನ ಗುರುತು ಹಾಕಿದ್ದು ನೀವಾ?”

“ನಾನು ಬೇರೆಯವರ ಪುಸ್ತಕದ ಮೇಲೆ ಗೀಚ್ತೇನಾ?” ಎಂದರು. ಎಂದೂ ಅಷ್ಟು ಗಡುಸಾಗಿ ಮಾತಾಡಿದವರಲ್ಲ. ನಾನು ಏನು ಯೋಚಿಸುತ್ತಿದ್ದೇನೆಂದು ಅವರಿಗೆ ಗೊತ್ತಾಯಿತು. ಆ ದಿನ ಚಾ ಕೊಡಲಿಲ್ಲ. ನಾನು ಅವರನ್ನು ಅರ್ಧ ನಂಬಿದೆ, ಅರ್ಧ ಬಿಟ್ಟೆ, ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಮರುದಿನ ನಾನೇ ಕಡಬಕ್ಕೆ ಹೊರಟೆ. ಪ್ರಶ್ನೆ ಬರೆದವಳು ನಾನು, ಅದು ಎಲ್ಲಿಂದ ಬಂತೆಂದು ಹೇಳಬೇಕಾದವಳೂ ನಾನೇ. ಹೆಂಗಸರಿಗೆ ಬಸ್ಸು ಪುಕ್ಕಟೆ, ಆಧಾರ್ ಕಾರ್ಡು ತೋರಿಸಿ ಉಪ್ಪಿನಂಗಡಿ ಮೇಲೆ ಹೋದೆ. ಕಡಬದಲ್ಲಿ ಇಳಿದು ರಿಕ್ಷಾ ಮಾಡಿದೆ. ರಿಕ್ಷಾದವನು ಯಾರ ಮನೆಗೆ, ಎಂತ ವಿಷಯ ಎಂದು ಮೂರು ಸಲ ಕೇಳಿದ. ವಿಮೆಯ ಕೆಲಸ ಎಂದು ಸುಳ್ಳು ಹೇಳಿದೆ.

ಹಿರಿಯರು ಜಗಲಿಯಲ್ಲಿ ಕೂತಿದ್ದರು. ತೆಳ್ಳಗೆ, ಉದ್ದಕ್ಕೆ, ಬಿಳಿ ಮುಂಡು. ನಾನು ಚೀಟಿ ಬರೆದವಳು ಎಂದಾಗ ನನ್ನ ಕರಿಮಣಿಯನ್ನೂ ಹಣೆಯ ಬೊಟ್ಟನ್ನೂ ನೋಡಿದರು. “ಓಹೋ, ನಿಮಗೆ ಸಹ ಹೇಳಿದ್ದಾರೆ” ಎಂದರು. ಕೂರಲು ಹೇಳಲಿಲ್ಲ. ನಾನೇ ಮೆಟ್ಟಿಲಿನ ಮೇಲೆ ಕೂತೆ.

“ನೋಟ್‌ಬುಕ್ ತನ್ನಿ. ನನಗೆ ಯಾರು ಹೇಳಿದ್ದಂತ ತೋರಿಸ್ತೇನೆ” ಎಂದೆ.

ತಂದರು, ನನ್ನ ಕೈಗೆ ಕೊಡದೆ ತಮ್ಮ ತೊಡೆಯ ಮೇಲೇ ಇಟ್ಟುಕೊಂಡರು. ನಾನು ಪುಟದ ಸಂಖ್ಯೆ ಹೇಳಿದೆ, ಅವರು ತಿರುಗಿಸಿದರು. ಪತ್ರ ಜೇಬಿಗೆ ಹೋದ ಸಾಲು. ಎರಡು ಪುಟ ಹಿಂದೆ ಟ್ಯಾಪಿಂಗ್ ನಿಂತ ಸಾಲು. ಮುಂದೆ, ಶೀಟಿಲ್ಲದ ದಿನ ಹೊಗೆಕೋಣೆಗೆ ಬೆಂಕಿ ಹಾಕಿದ ಸಾಲು. “ನನ್ನ ತವರಿನಲ್ಲಿಯೂ ರಬ್ಬರ್ ಉಂಟು. ಸುಮ್ಮನೆ ಅಲ್ಲಿ ಯಾರೂ ಬೆಂಕಿ ಹಾಕುದಿಲ್ಲ” ಎಂದೆ. ಆಮೇಲೆ ಐದನೇ ಅಧ್ಯಾಯ ತೆಗೆಸಿದೆ. ಅಲ್ಲಿ ಪ್ರತಿದಿನ ಹನ್ನೊಂದು ಗಂಟೆಗೆ ತಂಗಿ ಗೇಟಿನ ಹತ್ತಿರ ಬಟ್ಟೆ ಒಣಗಿಸುತ್ತಾಳೆ. ಮಳೆಗಾಲದಲ್ಲಿ ಹೊರಗೆ ಬಟ್ಟೆ ಒಣಗಿಸುವವರಿದ್ದಾರಾ? ಅದು ಅಂಚೆಯವನು ಬರುವ ಹೊತ್ತು. ಅವಳು ಏನನ್ನೋ ಕಾಯುತ್ತಿದ್ದಳು ಎಂದು ಬರೆದವರೇ ಹೇಳಿದ್ದಾರೆ, ಹೇಳಿದ್ದು ಅವರಿಗೆ ಗೊತ್ತಾಗಲಿಲ್ಲ ಅಷ್ಟೆ. “ನನಗೆ ಯಾವ ಅಚ್ಚನೂ ಹೇಳ್ಲಿಲ್ಲ. ನೀವೇ ಹೇಳಿದ್ದು. ಬೇಕಾದರೆ ಎಲ್ಲ ದೇವರ ಮೇಲೆ ಆಣೆ ಮಾಡ್ತೇನೆ.”

ಅವರು ಆ ಸಾಲುಗಳನ್ನು ಬೆರಳಿಟ್ಟು ಓದಿದರು, ಯಾರೋ ಬೇರೆಯವರು ಬರೆದದ್ದನ್ನು ಓದುವವರ ಹಾಗೆ. ಗೇಟಿನ ಬಟ್ಟೆಯ ಸಾಲನ್ನು ಮೂರು ಸಲ ಓದಿದರು. “ಈ ಪತ್ರ ಹಾಕದೆ ಬಿಟ್ಟರೆ ಇಡೀ ಪುಸ್ತಕ ಸುಳ್ಳಾಗ್ತಿತ್ತು” ಎಂದರು ಮೆಲ್ಲಗೆ. “ಪೂರ್ತಿ ಹಾಕಲಿಕ್ಕೆ ಧೈರ್ಯ ಬರ್ಲಿಲ್ಲ. ಅರ್ಧ ಹಾಕಿದೆ. ಮದುವೆ ಕೇಳಿ ಬರೆದವನು ಒಳ್ಳೆ ಹುಡುಗನೇ. ಅವಳು ಹೋದರೆ ಅಮ್ಮನನ್ನು ನೋಡುವವರು ಯಾರು ಅಂತ ನಾನು ಎಣಿಸಿದ್ದು. ಕಡೆಗೆ ಅವಳು ಮದುವೆಗೂ ಹೋಗ್ಲಿಲ್ಲ, ಮನೆಯಲ್ಲಿಯೂ ನಿಲ್ಲಲಿಲ್ಲ, ಕಾನ್ವೆಂಟಿಗೆ ಹೋದಳು.”

ಅವರ ಮೇಲೆ ನನಗೆ ಸಿಟ್ಟು ಬಂದಿತ್ತು, ಆ ಹುಡುಗಿ ಗೇಟಿನ ಹತ್ತಿರ ನಿಂತದ್ದು ಕಣ್ಣಿಗೆ ಕಟ್ಟಿದ ಹಾಗಿತ್ತು. ಆದರೆ ಎದುರಿಗಿದ್ದವರು ಮುದುಕರು, ನೋಟ್‌ಬುಕ್ಕನ್ನು ಮುಚ್ಚಿ ಮತ್ತೆ ತೆರೆಯುತ್ತಿದ್ದರು.

“ಹಾಗಾದರೆ ಯಾರು ಓದಿದರೂ ಗೊತ್ತಾಗ್ತದಾ?” ಎಂದು ಕೇಳಿದರು.

“ಗಮನ ಕೊಟ್ಟು ಓದಿದವರಿಗೆ ಗೊತ್ತಾಗ್ತದೆ. ಮತ್ತೆ, ಅಲ್ಲಿ ಗುರುತು ಬೇರೆ ಇತ್ತಲ್ಲ” ಎಂದೆ. ಹೇಳಬಾರದೆಂದುಕೊಂಡಿದ್ದೆ, ಬಾಯಿ ತಪ್ಪಿ ಬಂತು.

“ಎಂತ ಗುರುತು?”

ಮೂರನೇ ಅಧ್ಯಾಯದ ಆ ಪುಟವನ್ನೇ ಮತ್ತೆ ತೆಗೆಸಿ, ಅಂಚಿನ ತೆಳು ಗೆರೆಯನ್ನೂ ಅದರ ಕೆಳಗಿನ ಚುಕ್ಕಿಯನ್ನೂ ತೋರಿಸಿದೆ. ಅವರು ಕನ್ನಡಕ ತೆಗೆದು ಪುಟವನ್ನು ಮುಖದ ಹತ್ತಿರ ಹಿಡಿದರು. ಆಮೇಲೆ ಎದ್ದು ಒಳಗೆ ಹೋಗಿ ಒಂದು ಹಳೆಯ ಪ್ರಾರ್ಥನಾ ಪುಸ್ತಕ ತಂದು ನನ್ನ ಮುಂದೆ ಬಿಡಿಸಿದರು. ಕಂದಿದ ಪುಟಗಳು, ಮಲಯಾಳಂ ಅಕ್ಷರ. ಅಲ್ಲಲ್ಲಿ ಅಂಚಿನಲ್ಲಿ ಸಣ್ಣ ನಿಂತ ಗೆರೆ, ಕೆಳಗೊಂದು ಚುಕ್ಕಿ.

“ನನ್ನ ತಂಗಿಯದ್ದು. ಸಣ್ಣದಿರುವಾಗಲೇ ಹೀಗೆ. ಓದ್ತಾ ನಿಂತು ಯೋಚನೆ ಮಾಡಬೇಕಾದ ಜಾಗದಲ್ಲಿ ಹಾಕುದು” ಎಂದರು. “ಅಚ್ಚನ್ ತೆಗೊಂಡು ಹೋಗುವ ಮೊದಲು ಅವಳಿಗೆ ಓದ್ಲಿಕ್ಕೆ ಕೊಟ್ಟಿದ್ದೆ. ಈಗ ಇಲ್ಲಿಯೇ ಹತ್ತಿರದ ಕಾನ್ವೆಂಟಿನಲ್ಲಿ ಇದ್ದಾಳೆ, ಪ್ರಾಯ ಆಯ್ತು. ಒಂದು ವಾರ ಇಟ್ಟುಕೊಂಡಳು. ಅಕ್ಷರ ಚಂದ ಉಂಟು ಅಂತ ಹೇಳಿ ವಾಪಸು ಕೊಟ್ಟಳು. ಅಷ್ಟೇ ಹೇಳಿದ್ದು.”

ಪಾದ್ರಿಯ ಮೇಲೆ, ಟೀಚರ ಮೇಲೆ ಇಟ್ಟಿದ್ದ ಸಂಶಯವೆಲ್ಲ ನನಗೆ ಒಮ್ಮೆಲೇ ನಾಚಿಕೆಯಾಗಿ ತಿರುಗಿ ಬಂತು. ನನ್ನ ಕಣ್ಣನ್ನು ಆ ಸಾಲಿಗೆ ಒಯ್ದವರು ಆ ತಂಗಿ. ಅವರು ಅಲ್ಲಿ ನಿಂತು, ಒಂದು ಗೆರೆ ಎಳೆದು, ಒಂದು ಮಾತೂ ಕೇಳದೆ ಅಣ್ಣನಿಗೆ ವಾಪಸು ಕೊಟ್ಟಿದ್ದರು. ಅಣ್ಣ ಆ ಗೆರೆಯನ್ನು ಗಮನಿಸಿರಲೇ ಇಲ್ಲ.

ಹಿರಿಯರು ನನ್ನೆದುರೇ ಪಾದ್ರಿಗೆ ಫೋನು ಮಾಡಿದರು. “ತಪ್ಪಾಯ್ತು ಅಚ್ಚೋ, ಬಿಷಪರಿಗೆ ಕಾಗದ ಬರೆಯುದಿಲ್ಲ” ಎಂದರು. ನಾನು ಎದ್ದು ಅಂಗಳಕ್ಕೆ ಹೋದೆ. ಹೊರಡುವಾಗ ಗೇಟಿನವರೆಗೆ ಬಂದು, “ಮೋಳೆ, ನಾನು ಈಗ ಎಂತ ಮಾಡುದು?” ಎಂದು ಕೇಳಿದರು. ಮೋಳೆ ಎಂದರೆ ಮಗಳೇ. ನನಗೆ ಕಲಿಸಿದ್ದು ಪ್ರಶ್ನೆ ಕೇಳಲು ಮಾತ್ರ. “ಪುಸ್ತಕದಲ್ಲಿ ಅಣ್ಣ ಎಂತ ಮಾಡ್ತಾನೆ ಅಂತ ಬರೀರಿ” ಎಂದು ಹೇಳಿ ರಿಕ್ಷಾ ಹತ್ತಿದೆ.

ಪುತ್ತೂರಿಗೆ ಬಂದವಳು ಮನೆಗೆ ಹೋಗದೆ ಮೊದಲು ಟೀಚರ ಮನೆಗೆ ಹೋದೆ. ನಡೆದದ್ದನ್ನೆಲ್ಲ ಹೇಳಿ, ಅವರ ಮೇಲೆ ನಾನು ಎಂತ ಸಂಶಯಪಟ್ಟಿದ್ದೆ ಎಂಬುದನ್ನೂ ಬಿಡದೆ ಹೇಳಿದೆ. “ಗೊತ್ತಿತ್ತು” ಎಂದು ಒಳಗೆ ಹೋಗಿ ಚಾ ಇಟ್ಟರು. ಗೇರುಬೀಜದ ತಟ್ಟೆಯನ್ನೂ ನನ್ನ ಮುಂದೆ ತಂದಿಟ್ಟರು.

ನಾಲ್ಕು ತಿಂಗಳ ಮೇಲೆ ಹೊಸ ಕೊನೆಯ ಅಧ್ಯಾಯ ಬಂತು. ಅದರಲ್ಲಿ ಮುದುಕನಾದ ಅಣ್ಣ ಕಾನ್ವೆಂಟಿಗೆ ಹೋಗಿ ತಂಗಿಯ ಎದುರು ಪತ್ರದ ವಿಷಯ ಹೇಳುತ್ತಾನೆ. ಗಂಟೆ ಹೊಡೆಯುವುದಿಲ್ಲ, ಯಾರೂ ಮೊಣಕಾಲೂರುವುದಿಲ್ಲ. ತಂಗಿ ಹೇಳುವುದು ಇಷ್ಟೇ: “ಅಂಚೆಯವರು ಅದೇ ವಾರ ಹೇಳಿದ್ದರು, ಪತ್ರ ನಿನ್ನ ಕೈಗೆ ಕೊಟ್ಟೆ ಅಂತ. ನೀನು ಹೇಳ್ತೀಯೋ ಅಂತ ಕಾದೆ. ಕಾನ್ವೆಂಟಿಗೆ ಹೋಗುವ ಬಸ್ಸು ಹತ್ತುವವರೆಗೂ ಕಾದೆ.” ಅಧ್ಯಾಯ ಅಲ್ಲಿಗೆ ನಿಂತಿತ್ತು.

ನಾನು ಓದಿ ಮುಗಿಸಿದೆ. ಕಲಿತ ಕೆಲಸ ಬಿಡಲಾಗುವುದಿಲ್ಲ, ಹಳೆಯ ಕ್ಯಾಲೆಂಡರಿನ ಒಂದು ಚೀಟಿ ತೆಗೆದು ಬರೆದೆ: ‘ಅವಳು ಕ್ಷಮಿಸಿದಳೇ?’ ಟೀಚರು ಅದನ್ನು ನೋಡಿ ಬೇಡ ಎನ್ನಲಿಲ್ಲ. ಚೀಟಿ ಕಡಬಕ್ಕೆ ಹೋಯಿತು, ಹತ್ತು ದಿನದಲ್ಲಿ ವಾಪಸು ಬಂತು. ಅದರ ಇನ್ನೊಂದು ಬದಿಯಲ್ಲಿ, ಕ್ಯಾಲೆಂಡರಿನ ತಾರೀಕುಗಳ ಮೇಲೆಯೇ, ನೀಲಿ ಶಾಯಿಯಲ್ಲಿ ಉತ್ತರ ಇತ್ತು:

‘ಗೊತ್ತಿಲ್ಲ ಮೋಳೆ. ಕೇಳಲಿಕ್ಕೆ ಧೈರ್ಯ ಇಲ್ಲ. ಪ್ರತಿ ಆದಿತ್ಯವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಅವಳ ಹತ್ತಿರ ಹೋಗುತ್ತೇನೆ. ಅವಳು ಚಾ ಕೊಡುತ್ತಾಳೆ. ಕುಡಿದು ಬರುತ್ತೇನೆ.’

ಟೀಚರು ಚೀಟಿಯನ್ನು ಎರಡು ಸಲ ಓದಿ, ಗುಂಡುಸೂಜಿಯಿಂದ ಅಧ್ಯಾಯದ ಕೊನೆಯ ಹಾಳೆಗೆ ಚುಚ್ಚಿದರು. ‘ಮೋಳೆ’ ಒಂದನ್ನು ತೆಗೆದು ಉಳಿದದ್ದನ್ನು ಹಾಗೆಯೇ ಹಾಕಲು ಹಿರಿಯರನ್ನು ಕೇಳಿದೆವು, ಒಪ್ಪಿದರು. ಅಚ್ಚಾದ ಪುಸ್ತಕ ಈಗ ಚಾ ಕುಡಿದು ಬರುವಲ್ಲಿಗೆ ಮುಗಿಯುತ್ತದೆ.